ಗುಲಾಬಿ ಮಾರ್ಗದ ನೆಲದಡಿ ನಿಲ್ದಾಣ: 1:160 ಅಳತೆಯ ಸೀಳುನೋಟದ ಮಾದರಿ, ಈವರೆಗಿನ ಕೆಲಸ

ನಮ್ಮ ಮೆಟ್ರೊ ಗುಲಾಬಿ ಮಾರ್ಗದ ನೆಲದಡಿ ನಿಲ್ದಾಣವೊಂದನ್ನು ಉದ್ದಕ್ಕೆ ಸೀಳಿ ಒಳಗನ್ನು ತೋರಿಸುವ ನನ್ನ ಮಾದರಿಯಲ್ಲಿ ಈಗ ಎರಡೂ ಸುರಂಗಗಳು ಸಿದ್ಧವಾಗಿವೆ. ನಿಲ್ದಾಣದ ಪೆಟ್ಟಿಗೆಯ ತಳ, ಹಿಂಗೋಡೆ ಮತ್ತು ನಡುವಿನ ಅಂತಸ್ತು ನಿಂತಿವೆ. ಚಾವಣಿಯನ್ನು ಇನ್ನೂ ಅಂಟಿಸಿಲ್ಲ, ಮಣ್ಣು ಮತ್ತು ಬಂಡೆಯ ಪದರಗಳ ಕೆಲಸ ಅರ್ಧದಷ್ಟು ಆಗಿದೆ. ಸುರಂಗಗಳು ಬೇಗ ಮುಗಿದವು, ನಿಲ್ದಾಣ ಮುಗಿಯುತ್ತಿಲ್ಲ. ನಿಜವಾದ ಮಾರ್ಗದಲ್ಲಿಯೂ ಹೆಚ್ಚು ಕಾಲ ಮತ್ತು ಶ್ರಮವನ್ನು ಬೇಡಿದ್ದು ನಿಲ್ದಾಣಗಳೇ ಎಂಬುದು ಕೆಲಸ ಮುಂದುವರಿದಂತೆ ನನಗೆ ಸ್ಪಷ್ಟವಾಗುತ್ತಿರುವುದರಿಂದ, ಈ ಬಾರಿಯ ಟಿಪ್ಪಣಿಯನ್ನು ತುಸು ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಎರಡನೇ ಹಂತದ ಈ ಮಾರ್ಗ ಬನ್ನೇರುಘಟ್ಟ ರಸ್ತೆಯ ಕಾಳೇನ ಅಗ್ರಹಾರದಿಂದ ನಾಗವಾರದವರೆಗೆ 21.26 ಕಿ.ಮೀ. ಉದ್ದವಿದೆ. ತಾವರೆಕೆರೆಯವರೆಗೆ ಕಂಬಗಳ ಮೇಲೆ ಬರುವ ಹಳಿ ಡೇರಿ ವೃತ್ತದ ಹೊತ್ತಿಗೆ ನೆಲದೊಳಕ್ಕೆ ಇಳಿದು, ಲಕ್ಕಸಂದ್ರ, ಲ್ಯಾಂಗ್‌ಫೋರ್ಡ್ ಟೌನ್, ಎಂ.ಜಿ. ರಸ್ತೆ, ಶಿವಾಜಿನಗರ, ಕಂಟೋನ್ಮೆಂಟ್, ಪಾಟರಿ ಟೌನ್, ಟ್ಯಾನರಿ ರಸ್ತೆಗಳನ್ನು ಹಾದು ನಾಗವಾರದವರೆಗೂ ಮತ್ತೆ ಮೇಲೆ ಬರುವುದಿಲ್ಲ. ಈ ಸುರಂಗ ಭಾಗವೇ 13.76 ಕಿ.ಮೀ.; 18 ನಿಲ್ದಾಣಗಳಲ್ಲಿ 12 ನೆಲದಡಿ ಇವೆ. ಮೊದಲ ಹಂತದ ನೇರಳೆ ಮತ್ತು ಹಸಿರು ಮಾರ್ಗಗಳೆರಡರ ಸುರಂಗವನ್ನು ಕೂಡಿಸಿದರೂ 8.8 ಕಿ.ಮೀ. ಮಾತ್ರ ಆಗುತ್ತದೆ. ನನ್ನ ಮಾದರಿ ಈ ಹನ್ನೆರಡರಲ್ಲಿ ಯಾವುದೋ ಒಂದರ ಅಚ್ಚು ಪ್ರತಿಯಲ್ಲ. ಇಂಥ ನಿಲ್ದಾಣಗಳ ಸಾಮಾನ್ಯ ವಿನ್ಯಾಸವನ್ನು ಇಟ್ಟುಕೊಂಡು, ಮೇಲಿನ ನೆಲದಲ್ಲಿ ಮಾತ್ರ ಕಾಮರಾಜ್ ರಸ್ತೆಯನ್ನೂ ಅದರ ತುದಿಯಲ್ಲಿ ಎಂ.ಜಿ. ರಸ್ತೆಯ ನೇರಳೆ ಮಾರ್ಗದ ಮೇಲ್ಸೇತುವೆಯನ್ನೂ ತೋರಿಸುತ್ತಿದ್ದೇನೆ. 2011ರ ಅಕ್ಟೋಬರ್ 20ರಂದು ಆರಂಭವಾದ ಮೊದಲ ಮೆಟ್ರೊ ಸಂಚಾರದ ಒಂದು ತುದಿಯಾಗಿದ್ದ ಎಂ.ಜಿ. ರಸ್ತೆಯಲ್ಲಿಯೇ ಕಂಬದ ಮೇಲಿನ ಮಾರ್ಗಕ್ಕೂ ನೆಲದಡಿಯ ಮಾರ್ಗಕ್ಕೂ ಪ್ರಯಾಣಿಕರು ಬದಲಾಯಿಸಿಕೊಳ್ಳುವ ನಿಲ್ದಾಣ ಬರುತ್ತಿರುವುದರಿಂದ ಆ ಜಾಗವನ್ನು ಆರಿಸಿಕೊಂಡೆ.

ಅಳತೆಯ ಆಯ್ಕೆಗೆ ಬಲವಾದ ಕಾರಣವಿದೆ. ಮಾದರಿ ರೈಲುಗಳಲ್ಲಿ ಎನ್ ಅಳತೆ ಎಂದು ಕರೆಯುವ 1:160ರಲ್ಲಿ ಹಳಿಗಳ ನಡುವಿನ ಅಂತರ 9 ಮಿ.ಮೀ. ಇರುತ್ತದೆ, ಅಂದರೆ ನಿಜದ ಲೆಕ್ಕದಲ್ಲಿ 1440 ಮಿ.ಮೀ. ನಮ್ಮ ಮೆಟ್ರೊ ಓಡುವುದು 1435 ಮಿ.ಮೀ.ಗಳ ಸ್ಟ್ಯಾಂಡರ್ಡ್ ಗೇಜ್‌ನಲ್ಲಿ. ಭಾರತೀಯ ರೈಲ್ವೆಯ 1676 ಮಿ.ಮೀ. ಬ್ರಾಡ್ ಗೇಜನ್ನು ಈ ಅಳತೆಯಲ್ಲಿ ಮಾಡಹೊರಟವರು ಒಂದೋ ಹಳಿಯನ್ನು ತಾವೇ ಹಾಕಿಕೊಳ್ಳಬೇಕು, ಇಲ್ಲವೇ ಕಿರಿದಾದ ಹಳಿಯ ಮೇಲೆ ಅಗಲವಾದ ಬೋಗಿಯನ್ನು ನಿಲ್ಲಿಸಿ ಕಣ್ಣಿಗೆ ಆಗುವ ಕಿರಿಕಿರಿಯನ್ನು ಸಹಿಸಿಕೊಳ್ಳಬೇಕು. ಮೆಟ್ರೊ ಮಾದರಿ ಮಾಡುವವರಿಗೆ ಆ ತೊಂದರೆಯೇ ಇಲ್ಲ.

ಇನ್ನೊಂದು ಹೊಂದಾಣಿಕೆ ಇದಕ್ಕಿಂತಲೂ ಸಂತೋಷ ಕೊಟ್ಟಿತು. ಎರಡನೇ ಹಂತದ ಸುರಂಗದ ಒಳವ್ಯಾಸ ಸುಮಾರು 5.8 ಮೀಟರ್, ಅದನ್ನು 160ರಿಂದ ಭಾಗಿಸಿದರೆ 36 ಮಿ.ಮೀ.ಗೆ ಸ್ವಲ್ಪ ಹೆಚ್ಚು ಬರುತ್ತದೆ. ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ಸಿಗುವ 40 ಮಿ.ಮೀ. ಪಿವಿಸಿ ಪೈಪಿನಲ್ಲಿ ಆ 40 ಎಂಬುದು ಹೊರವ್ಯಾಸ, ತೆಳು ಗೋಡೆಯ ಪೈಪನ್ನು ಆರಿಸಿಕೊಂಡರೆ ಒಳವ್ಯಾಸ ಸರಿಸುಮಾರು 36 ಮಿ.ಮೀ. ನೀರಾವರಿಗೆ ಬಳಸುವ ಈ ಪೈಪು ಸುರಂಗದ ಕಾಂಕ್ರೀಟ್ ಗೋಡೆಯ ದಪ್ಪವನ್ನೂ ಸೇರಿಸಿಕೊಂಡು ಅಳತೆಗೆ ಸರಿಯಾಗಿ ಕೂರುತ್ತದೆ. ನೋಡುಗರ ಕಡೆಗಿರುವ ಪೈಪನ್ನು ಉದ್ದಕ್ಕೆ ಎರಡು ಸೀಳು ಮಾಡಿ ಹಿಂದಿನ ಅರ್ಧವನ್ನು ಉಳಿಸಿಕೊಂಡಿದ್ದೇನೆ, ಆಚೆಯದನ್ನು ಇಡಿಯಾಗಿ ಬಿಟ್ಟಿದ್ದೇನೆ. ನಿಜವಾದ ಸುರಂಗದ ಗೋಡೆ, ಕಾರ್ಖಾನೆಯಲ್ಲಿ ಮೊದಲೇ ಎರಕ ಹೊಯ್ದ ಬಾಗಿದ ಕಾಂಕ್ರೀಟ್ ತುಂಡುಗಳನ್ನು ಸುರಂಗ ಕೊರೆಯುವ ಯಂತ್ರದ (ಟಿಬಿಎಂ) ಬಾಲದೊಳಗೇ ಜೋಡಿಸಿ, ಬೋಲ್ಟು ಬಿಗಿದು ಮಾಡಿದ ಉಂಗುರಗಳ ಸಾಲು. ಒಂದು ಉಂಗುರದ ಕೂಡುಗೆರೆ ಪಕ್ಕದ ಉಂಗುರದ ಕೂಡುಗೆರೆಗೆ ನೇರವಾಗಿ ಬರದಂತೆ ಪ್ರತಿ ಉಂಗುರವನ್ನೂ ತುಸು ತಿರುಗಿಸಿ ಕೂರಿಸುತ್ತಾರೆ. ಪೈಪಿನ ಒಳಮೈಯಲ್ಲಿ ಒಂಬತ್ತು ಮಿ.ಮೀ.ಗೊಂದರಂತೆ ಗೆರೆ ಕೊರೆದು, ನಡುವೆ ಆ ತಪ್ಪುಸಾಲಿನ ಕೂಡುಗೆರೆಗಳನ್ನೂ ಗೀರಿ, ಮೇಲೆ ತೆಳುವಾದ ಬೂದು ಬಣ್ಣ ಒರೆಸಿದ ಮೇಲೆ ಅದು ಪೈಪಿನಂತೆ ಕಾಣುವುದನ್ನು ಬಿಟ್ಟಿತು.

ಗುಲಾಬಿ ಮಾರ್ಗದ ಸುರಂಗಗಳನ್ನು ಒಂಬತ್ತು ಟಿಬಿಎಂಗಳು ಕೊರೆದವು: ಊರ್ಜಾ, ವಿಂಧ್ಯಾ, ಅವನಿ, ಲವಿ, ವಾಮಿಕಾ, ವರದಾ, ರುದ್ರ, ತುಂಗಾ, ಭದ್ರಾ. ಕಂಟೋನ್ಮೆಂಟಿನಿಂದ ಹೊರಟ ಊರ್ಜಾ 2021ರ ಸೆಪ್ಟೆಂಬರ್‌ನಲ್ಲಿ ಶಿವಾಜಿನಗರದಲ್ಲಿ ಬಂಡೆಯನ್ನು ಸೀಳಿಕೊಂಡು ಹೊರಬಂದದ್ದು ಮೊದಲನೆಯದು. ಭದ್ರಾ 2024ರ ಅಕ್ಟೋಬರ್ 30ರಂದು ನಾಗವಾರದಲ್ಲಿ ಹೊರಬಂದದ್ದು ಕೊನೆಯದು. ಒಂದೊಂದು ಯಂತ್ರ ಹೊರಬಂದಾಗಲೂ ಹೂವಿನ ಹಾರ, ಛಾಯಾಚಿತ್ರ, ಪತ್ರಿಕೆಯಲ್ಲಿ ಸುದ್ದಿ ಇದ್ದವು. ಆ ಸಂಭ್ರಮ ನ್ಯಾಯವಾದುದೇ. ಆದರೆ ಕೊನೆಯ ಯಂತ್ರ ಹೊರಬಂದ ಮೇಲೂ ರೈಲು ಓಡಲು ಇಷ್ಟು ಕಾಲ ಏಕೆ ಬೇಕು ಎಂದು ಕೇಳುವವರಿಗೆ ಉತ್ತರ ಸುರಂಗದಲ್ಲಿ ಸಿಗುವುದಿಲ್ಲ, ನಿಲ್ದಾಣದಲ್ಲಿ ಸಿಗುತ್ತದೆ.

ಮೊದಲ ಹಂತದ ನೆಲದಡಿ ನಿಲ್ದಾಣಗಳು 272 ಮೀಟರ್ ಉದ್ದ, 24 ಮೀಟರ್ ಅಗಲ ಇದ್ದವು. ಎರಡನೇ ಹಂತದಲ್ಲಿ ಉದ್ದವನ್ನು ಸುಮಾರು 210 ಮೀಟರ್‌ಗೆ ಇಳಿಸಿದರು. ನನ್ನ ಲೆಕ್ಕದಲ್ಲಿ ಅದು 131 ಸೆಂ.ಮೀ.; ಎರಡೂ ತುದಿಗೆ ಒಂದಿಷ್ಟು ಸುರಂಗ ಸೇರಿದರೆ ಆರಡಿಯ ಪ್ಲೈವುಡ್ ಹಲಗೆ ಸರಿಯಾಗಿ ತುಂಬುತ್ತದೆ. ಆರು ಬೋಗಿಗಳ ರೈಲಿನ ಉದ್ದ ಹೆಚ್ಚುಕಡಿಮೆ 130 ಮೀಟರ್, ಅಂದರೆ ಹಲಗೆಯ ಮೇಲೆ 81 ಸೆಂ.ಮೀ. ಪ್ಲಾಟ್‌ಫಾರಂ ಇರುವುದು ಇಷ್ಟಕ್ಕೇ. ಹಾಗಾದರೆ ಉಳಿದ ಎಂಬತ್ತು ಮೀಟರ್ ಯಾವುದಕ್ಕೆ? ಈ ಪ್ರಶ್ನೆಯೇ ಇಡೀ ಮಾದರಿಯ ತಿರುಳು. ನಾವು ಟಿಕೆಟ್ ಗೇಟು ದಾಟಿ, ಎಸ್ಕಲೇಟರ್ ಇಳಿದು, ರೈಲು ಹತ್ತಿ ಹೋಗುವ ಜಾಗದ ಎರಡೂ ಪಕ್ಕದಲ್ಲಿ ಬಾಗಿಲು ಮುಚ್ಚಿದ ಕೋಣೆಗಳ ಸಾಲುಗಳಿವೆ: ವಿದ್ಯುತ್ ಉಪಕೇಂದ್ರ, ಸಿಗ್ನಲ್ ಕೋಣೆ, ಬ್ಯಾಟರಿ ಕೋಣೆ, ಹವಾನಿಯಂತ್ರಣದ ಯಂತ್ರಗಳು, ಬೆಂಕಿ ಆರಿಸುವ ನೀರಿನ ತೊಟ್ಟಿ, ಒಸರಿದ ನೀರನ್ನು ಮೇಲೆತ್ತುವ ಪಂಪುಗಳು, ಮತ್ತು ಇವೆಲ್ಲಕ್ಕಿಂತ ಹೆಚ್ಚು ಜಾಗ ಬೇಡುವ ಸುರಂಗದ ಭಾರಿ ಫ್ಯಾನುಗಳು ಹಾಗೂ ಅವುಗಳ ಗಾಳಿಗುಂಡಿಗಳು.

ಈ ಫ್ಯಾನುಗಳ ಬಗ್ಗೆ ಸ್ವಲ್ಪ ಹೇಳಲೇಬೇಕು. ಸುರಂಗದ ನಡುವೆ ರೈಲಿಗೆ ಬೆಂಕಿ ತಗುಲಿ ಅದು ನಿಂತುಬಿಟ್ಟರೆ, ಒಂದು ತುದಿಯ ನಿಲ್ದಾಣದ ಫ್ಯಾನುಗಳು ಹೊರಗಿನ ಗಾಳಿಯನ್ನು ಒಳಕ್ಕೆ ನೂಕಬೇಕು, ಇನ್ನೊಂದು ತುದಿಯವು ಹೊಗೆಯನ್ನು ಎಳೆದು ಹೊರಹಾಕಬೇಕು. ಜನರು ಹೊಗೆ ಹೋಗುವ ದಿಕ್ಕಿಗೆ ಎದುರಾಗಿ, ಹೊಸ ಗಾಳಿ ಬರುವ ಕಡೆಗೆ ನಡೆಯಬೇಕು. ಬೆಂಕಿ ರೈಲಿನ ಯಾವ ಭಾಗದಲ್ಲಿದೆ ಎಂಬುದರ ಮೇಲೆ ದಿಕ್ಕು ಬದಲಾಗಬೇಕಾದ್ದರಿಂದ ಪ್ರತಿಯೊಂದು ಫ್ಯಾನೂ ಎರಡೂ ಕಡೆಗೆ ತಿರುಗುವಂತಿರಬೇಕು. ಸುರಂಗ ರೈಲುಗಳಿಗೆ ಪ್ರಪಂಚದಾದ್ಯಂತ ಅನುಸರಿಸುವ ಅಗ್ನಿಸುರಕ್ಷತೆಯ ಮಾನದಂಡ, ಪ್ಲಾಟ್‌ಫಾರಂನಿಂದ ಎಲ್ಲರೂ 4 ನಿಮಿಷದೊಳಗೆ ತೆರವಾಗಬೇಕು, 6 ನಿಮಿಷದೊಳಗೆ ಸುರಕ್ಷಿತ ಜಾಗ ಸೇರಬೇಕು ಎನ್ನುತ್ತದೆ. ಜೋಡಿ ಸುರಂಗಗಳ ನಡುವಿನ ಅಡ್ಡಹಾದಿಗಳು 244 ಮೀಟರ್‌ಗಿಂತ ಹೆಚ್ಚು ದೂರ ಇರಬಾರದು ಎನ್ನುತ್ತದೆ. ಮೆಟ್ಟಿಲುಗಳ ಅಗಲ, ಎಸ್ಕಲೇಟರುಗಳ ಸಂಖ್ಯೆ, ಬಾಗಿಲುಗಳ ಜಾಗ ಎಲ್ಲವೂ ಆ ನಿಮಿಷಗಳಿಂದ ಹುಟ್ಟಿದವು. ದಿನನಿತ್ಯದ ಪ್ರಯಾಣಕ್ಕೆ ಮೆಟ್ಟಿಲು ಅಷ್ಟು ಅಗಲ ಬೇಕಿಲ್ಲವೆಂದು ಅನ್ನಿಸಬಹುದು. ಆ ಅಗಲ ಇರುವುದು ಎಂದೂ ಬರಬಾರದ ಒಂದು ದಿನಕ್ಕಾಗಿ. ಮಾದರಿಯಲ್ಲಿ ಗಾಳಿಗುಂಡಿಗಳನ್ನು ಚಾವಣಿಯ ಮೇಲಕ್ಕೆ, ಕಾಮರಾಜ್ ರಸ್ತೆಯ ಬದಿಯವರೆಗೂ ಎಬ್ಬಿಸುತ್ತಿದ್ದೇನೆ. ನಗರದಲ್ಲಿ ನಾವು ನೋಡುವ, ಏಕೆ ಇವೆಯೆಂದು ಕೇಳದೆ ದಾಟುವ ಜಾಲರಿಯ ಕಾಂಕ್ರೀಟ್ ಗೂಡುಗಳು ಇವೇ.

ಪ್ಲಾಟ್‌ಫಾರಂ ಅಂಚಿಗೆ ಗಾಜಿನ ಬಾಗಿಲುಗಳ ಗೋಡೆ ಬರುತ್ತದೆ. ಮೊದಲ ಹಂತದ ನೆಲದಡಿ ನಿಲ್ದಾಣಗಳಲ್ಲಿ ಇದನ್ನು ಹಾಕಿರಲಿಲ್ಲ, ಗುಲಾಬಿ ಮಾರ್ಗದ ಯೋಜನೆಯಲ್ಲಿ ಮೊದಲಿನಿಂದಲೂ ಇದೆ. ಜನರು ಹಳಿಗೆ ಬೀಳುವುದನ್ನು ತಡೆಯುವುದರ ಜೊತೆಗೆ, ಸುರಂಗದ ಬಿಸಿಗಾಳಿ ನಿಲ್ದಾಣದೊಳಕ್ಕೆ ನುಗ್ಗದಂತೆ ಮಾಡಿ ಹವಾನಿಯಂತ್ರಣದ ವಿದ್ಯುತ್ತನ್ನು ಅದು ಉಳಿಸುತ್ತದೆ. ಹಳಿಯ ಪಕ್ಕದ, ರೈಲಿಗೆ ವಿದ್ಯುತ್ ಕೊಡುವ 750 ವೋಲ್ಟ್‌ನ ಮೂರನೇ ಹಳಿಗೆ ತೆಳುವಾದ ಪ್ಲಾಸ್ಟಿಕ್ ಪಟ್ಟಿ ಅಂಟಿಸಿದ್ದೇನೆ. ನನ್ನ ಪುಟ್ಟ ರೈಲು 12 ವೋಲ್ಟ್ ಪಡೆಯುವುದು ಕೆಳಗಿನ ಎರಡು ಹಳಿಗಳಿಂದಲೇ.

ಪೆಟ್ಟಿಗೆಯ ಗೋಡೆಯನ್ನು ನಿಲ್ಲಿಸುವಾಗ ಅಗೆತದ ಹಂತವನ್ನೂ ತೋರಿಸಬೇಕೆನ್ನಿಸಿ, ಬಲತುದಿಯ ಒಂದು ಗೇಣು ಜಾಗವನ್ನು ಕಟ್ಟಿ ಮುಗಿಯದ ಸ್ಥಿತಿಯಲ್ಲೇ ಬಿಡಲು ತೀರ್ಮಾನಿಸಿದ್ದೇನೆ. ಸುರಂಗವನ್ನು ಯಂತ್ರ ಕೊರೆಯುತ್ತದೆ, ಮೇಲಿನ ಊರಿಗೆ ಬಹುಪಾಲು ಗೊತ್ತೇ ಆಗುವುದಿಲ್ಲ. ನಿಲ್ದಾಣವನ್ನು ಮಾತ್ರ ಮೇಲಿನಿಂದಲೇ ಅಗೆಯಬೇಕು. ಮೊದಲು ರಸ್ತೆಯ ಕೆಳಗಿನ ನೀರಿನ ಕೊಳವೆ, ಒಳಚರಂಡಿ, ವಿದ್ಯುತ್ ಮತ್ತು ದೂರವಾಣಿ ಕೇಬಲ್ಲುಗಳನ್ನು ಬೇರೆಡೆಗೆ ಸರಿಸಬೇಕು. ಆಮೇಲೆ ಸುತ್ತಲೂ ಕಾಂಕ್ರೀಟ್ ಕಂಬಗಳನ್ನು ಒತ್ತೊತ್ತಾಗಿ ನೆಲಕ್ಕಿಳಿಸಿ, ಆ ಬೇಲಿಯೊಳಗೆ ಹಂತಹಂತವಾಗಿ ತೋಡುತ್ತ, ಗೋಡೆ ಒಳಕ್ಕೆ ವಾಲದಂತೆ ಉಕ್ಕಿನ ತೊಲೆ ಅಥವಾ ಬಂಡೆಯೊಳಕ್ಕೆ ಬಿಗಿದ ಸರಳುಗಳಿಂದ ಹಿಡಿದು ನಿಲ್ಲಿಸಬೇಕು. ತಳ ಮುಟ್ಟಿದ ಮೇಲೆ ಕಟ್ಟುತ್ತ ಮೇಲೆ ಬಂದು, ಚಾವಣಿ ಹಾಕಿ, ಮಣ್ಣು ತುಂಬಿ, ರಸ್ತೆಯನ್ನು ಹಿಂದಿನಂತೆ ಮಾಡಬೇಕು. ಬೆಂಗಳೂರಿನಲ್ಲಿ ಕೆಲವೇ ಮೀಟರ್ ಆಳಕ್ಕೆ ಗಟ್ಟಿ ಬಂಡೆ ಸಿಗುವುದೂ, ಸುತ್ತ ಮನೆ, ಅಂಗಡಿ, ಆಸ್ಪತ್ರೆಗಳಿರುವಲ್ಲಿ ಸಿಡಿಮದ್ದನ್ನು ಅತಿ ಕಡಿಮೆ ಪ್ರಮಾಣದಲ್ಲಿ ಬಳಸಬೇಕಾದುದೂ ಸೇರಿ ಕೆಲಸ ಇಂಚಿಂಚಾಗಿ ಸಾಗುತ್ತದೆ. ಕಾಮರಾಜ್ ರಸ್ತೆಯನ್ನು ಮುಚ್ಚಿದ್ದು 2019ರ ಜೂನ್‌ನಲ್ಲಿ; ಒಂದು ಬದಿ ಮತ್ತೆ ಸಂಚಾರಕ್ಕೆ ತೆರೆದದ್ದು 2024ರ ಜನವರಿಯಲ್ಲಿ. ಈ ನಾಲ್ಕೂವರೆ ವರ್ಷ ತಗಡಿನ ಬೇಲಿಯ ಪಕ್ಕದಲ್ಲಿ ವ್ಯಾಪಾರ ಮಾಡಿದವರು ಮಾರ್ಗಕ್ಕೆ ಕೊಟ್ಟ ಬೆಲೆ ಯಾವ ವೆಚ್ಚದ ಪಟ್ಟಿಯಲ್ಲೂ ಬರುವುದಿಲ್ಲ ಎಂಬುದನ್ನು ನೆನೆದು, ಮಾದರಿಯ ಆ ತುದಿಯಲ್ಲಿ ತಗಡಿನ ಬೇಲಿಯನ್ನೂ ಅದರ ಪಕ್ಕದ ಕಿರಿದಾದ ಕಾಲುದಾರಿಯನ್ನೂ ಎಚ್ಚರದಿಂದ ಮಾಡುತ್ತಿದ್ದೇನೆ.

ನಿಲ್ದಾಣದ ಗುಂಡಿಗೂ ಟಿಬಿಎಂಗೂ ಹತ್ತಿರದ ನಂಟಿದೆ. ಯಂತ್ರವನ್ನು ಇಳಿಸುವುದು, ಹೊರತೆಗೆಯುವುದು, ಮುಂದಿನ ಸುರಂಗಕ್ಕೆ ಎಳೆದೊಯ್ಯುವುದು ಎಲ್ಲವೂ ಆ ಗುಂಡಿಯಲ್ಲೇ. ಮುಂದಿನ ನಿಲ್ದಾಣದ ಅಗೆತ ಮುಗಿಯದಿದ್ದರೆ ಯಂತ್ರ ಬಂದು ಕಾಯಬೇಕಾಗುತ್ತದೆ. ಹಾಗಾಗಿ ಸುರಂಗದ ವೇಗವನ್ನೂ ಬಹುಮಟ್ಟಿಗೆ ನಿರ್ಧರಿಸುವುದು ನಿಲ್ದಾಣವೇ.

ನೆಲದ ಪದರಗಳಿಗೆ ಈಗ ಕೈಹಾಕಿದ್ದೇನೆ. ಮೇಲಿನ ಕೆಂಪು ಮಣ್ಣಿಗೆ ಬಣ್ಣ ಬಳಿಯದೆ, ನಿಜವಾದ ಮಣ್ಣನ್ನೇ ಜರಡಿ ಹಿಡಿದು ಫೆವಿಕಾಲ್ ಬೆರೆಸಿ ಮೆತ್ತಿದ್ದೇನೆ. ಕೆಳಗಿನ ಬಂಡೆಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಹಾಕಿ ಕೆತ್ತುತ್ತಿದ್ದೇನೆ. ಈ ಬಂಡೆ ಹೇಗೆ ಕಾಣಬೇಕೆಂದು ತಿಳಿಯಲು ಬೆಂಗಳೂರಿನವರು ದೂರ ಹೋಗಬೇಕಿಲ್ಲ. ಲಾಲ್‌ಬಾಗಿನ ಕೆಂಪೇಗೌಡ ಗೋಪುರ ನಿಂತಿರುವ ಗುಡ್ಡವೇ ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅದರ ಬೂದು ಮೈಯ ಮೇಲಿನ ಬಿಳಿ ಮತ್ತು ಕಪ್ಪು ಪಟ್ಟೆಗಳನ್ನು ನೋಡಿಕೊಂಡು ಬಣ್ಣ ಹಾಕುತ್ತಿದ್ದೇನೆ. ಮಣ್ಣು ಮತ್ತು ಬಂಡೆ ಸೇರುವ ಗೆರೆಯನ್ನು ನೇರವಾಗಿ ಎಳೆಯದೆ ಏರಿಳಿತ ಮಾಡಿ, ಎಡತುದಿಯಲ್ಲಿ ಅದು ಸುರಂಗದ ಮಧ್ಯಕ್ಕೇ ಬರುವಂತೆ ಇಟ್ಟಿದ್ದೇನೆ. ಟಿಬಿಎಂ ನಡೆಸುವವರಿಗೆ ಅತಿ ಕಷ್ಟದ ಸ್ಥಿತಿ ಅದು: ಯಂತ್ರದ ಮುಖದ ಕೆಳಗಿನ ಅರ್ಧಕ್ಕೆ ಕಗ್ಗಲ್ಲು ಸಿಕ್ಕು ಕಟರುಗಳು ಸವೆಯುತ್ತವೆ, ಮೇಲಿನ ಅರ್ಧದಲ್ಲಿ ಸಡಿಲ ಮಣ್ಣು ಬೇಕಾದುದಕ್ಕಿಂತ ಹೆಚ್ಚು ಒಳಬಂದು ನೆಲದೊಳಗೆ ಟೊಳ್ಳು ಉಂಟಾಗುವ ಅಪಾಯವಿರುತ್ತದೆ. 2023ರ ಜನವರಿಯಲ್ಲಿ, ಈ ಮಾರ್ಗದ ಸುರಂಗ ಕೆಲಸ ನಡೆಯುತ್ತಿದ್ದ ಬ್ರಿಗೇಡ್ ರಸ್ತೆಯ ಬಳಿ ರಸ್ತೆ ಕುಸಿದು ಗುಂಡಿ ಬಿದ್ದಾಗ ಊರಿಗೆಲ್ಲ ಈ ಅಪಾಯದ ಅರಿವಾಯಿತು. ಮುಚ್ಚಿಹೋದ ಹಳೆಯ ತೆರೆದ ಬಾವಿಗಳು ಇನ್ನೊಂದು ಆತಂಕ. ದಾಖಲೆಯಲ್ಲಿಲ್ಲದ ಅಂಥ ಒಂದು ಬಾವಿಯನ್ನೂ ಸುರಂಗದ ನೆತ್ತಿಯ ಹತ್ತಿರ ತೋರಿಸಲಿದ್ದೇನೆ.

ಮುಂದೆ ಆಗಬೇಕಾದುದು ಸಾಕಷ್ಟಿದೆ. ಗಾಜಿನ ಬಾಗಿಲುಗಳಿಗೆ ಒಂದು ಮಿ.ಮೀ. ಅಕ್ರಿಲಿಕ್ ಹಾಳೆಯನ್ನು ಲೇಸರ್‌ನಲ್ಲಿ ಕತ್ತರಿಸಲು ಕೊಟ್ಟಿದ್ದೇನೆ. ಎಲ್‌ಇಡಿ ಪಟ್ಟಿಗಳೂ ಎರಡು ಪುಟ್ಟ ಫ್ಯಾನ್ ಮೋಟಾರುಗಳೂ ಎಸ್.ಪಿ. ರಸ್ತೆಯಿಂದ ಬಂದಿವೆ, ಅವುಗಳ ತಂತಿಗಳನ್ನು ಹಿಂಗೋಡೆಯ ಆಚೆ ಎಳೆದು, ಒಂದೇ ಸ್ವಿಚ್ಚಿನಿಂದ ಎರಡೂ ಮೋಟಾರುಗಳ ದಿಕ್ಕು ಬದಲಾಗುವಂತೆ ಮಾಡಬೇಕು. ಅಗರಬತ್ತಿಯ ಹೊಗೆಯನ್ನು ಸುರಂಗದೊಳಕ್ಕೆ ಬಿಟ್ಟು, ಅದು ಯಾವ ಗಾಳಿಗುಂಡಿಯಿಂದ ಹೊರಬೀಳುತ್ತದೆ ಎಂಬುದನ್ನು ನೋಡುವವರೇ ಸ್ವಿಚ್ ಒತ್ತಿ ಪರೀಕ್ಷಿಸುವಂತಾಗಬೇಕು ಎಂಬುದು ನನ್ನ ಆಸೆ. ತಂತಿಯ ಕೆಲಸ ಮುಗಿಯುವವರೆಗೆ ಚಾವಣಿಯನ್ನು ಅಂಟಿಸುವುದಿಲ್ಲ.