ಅಮ್ಮನನ್ನು ಹಚ್ಚಿಕೊಂಡವನು ಹಾಸ್ಟೆಲ್‌ನಲ್ಲಿ ಒಂಟಿಯಾಗುತ್ತಾನಾ?

ಎಸೆಸೆಲ್ಸಿ ಫಲಿತಾಂಶ ಬರುವ ಹೊತ್ತಿಗೆ ನನಗೆ ಈ ಫೋನುಗಳು ಶುರು. “ಮೇಡಂ, ಮಗನನ್ನ ಮೂಡುಬಿದಿರೆ ಕಡೆ ಪಿಯು ಹಾಸ್ಟೆಲ್‌ಗೆ ಹಾಕ್ಬೇಕು ಅಂತಿದೀವಿ. ಅವನು ಅಮ್ಮನ್ನ ತುಂಬಾ ಹಚ್ಕೊಂಡಿದಾನೆ. ಅಲ್ಲಿ ಒಂಟಿಯಾಗ್ಬಿಡ್ತಾನಾ?” ಹದಿಹರೆಯದವರ ಆಪ್ತಸಮಾಲೋಚನೆ ನನ್ನ ಕೆಲಸವಾದ್ದರಿಂದ ನನ್ನನ್ನು ಕೇಳುತ್ತಾರೆ. ಅಮ್ಮನನ್ನು ನಂಬಿ ಹಚ್ಚಿಕೊಂಡ ಹುಡುಗನ ಬಗ್ಗೆ ನನಗೆ ಚಿಂತೆ ಕಡಿಮೆ ಅಂದರೆ ಅವರಿಗೆ ಆಶ್ಚರ್ಯ.

ಅಮೆರಿಕದ ಬಾಲ್ಟಿಮೋರ್‌ನಲ್ಲಿ ಮನಶ್ಶಾಸ್ತ್ರಜ್ಞೆ ಮೇರಿ ಐನ್ಸ್‌ವರ್ತ್ ಒಂದು ವರ್ಷದ ಕೂಸುಗಳನ್ನು ಹೊಸ ಕೋಣೆಯಲ್ಲಿ ಬಿಟ್ಟು, ತಾಯಿಯನ್ನು ಮೂರು ನಿಮಿಷ ಆಚೆ ಕಳಿಸಿ ನೋಡಿದ್ದರು. ಕೂಸು ಅತ್ತಿತೇ ಎನ್ನುವುದಕ್ಕಿಂತ, ತಾಯಿ ಮರಳಿದಾಗ ಏನು ಮಾಡಿತು ಎನ್ನುವುದನ್ನು ಆಕೆ ಮುಖ್ಯವಾಗಿ ಗಮನಿಸಿದರು. ಕೆಲವು ಓಡಿಬಂದು ತಬ್ಬಿಕೊಂಡು, ಸಮಾಧಾನವಾಗಿ, ಮತ್ತೆ ಆಟಕ್ಕೆ ಹೋದವು. ಕೆಲವು ತಾಯಿಯತ್ತ ತಿರುಗಿಯೂ ನೋಡಲಿಲ್ಲ. ಇಂಥ ಕೂಸುಗಳು ಮೇಲ್ನೋಟಕ್ಕೆ ಗಟ್ಟಿ. ಆದರೆ 1977ರಲ್ಲಿ ಸ್ರೂಫ್ ಮತ್ತು ವಾಟರ್ಸ್ ಎಂಬಿಬ್ಬರು ಎದೆಬಡಿತ ಅಳೆದು ನೋಡಿದಾಗ ಅವುಗಳ ಎದೆಯೂ ಜೋರಾಗಿಯೇ ಹೊಡೆದುಕೊಳ್ಳುತ್ತಿತ್ತು. ಜೂನ್ ಮೊದಲ ವಾರ ಅಳದ ಹುಡುಗನನ್ನು ವಾರ್ಡನ್ “ಸ್ಟ್ರಾಂಗ್ ಹುಡುಗ” ಎಂದು ಹೊಗಳಿದರೆ ನನಗೆ ಇದೇ ನೆನಪಾಗುತ್ತದೆ.

ಹಾಗಂತ ಕೂಸಿನ ಲೆಕ್ಕವನ್ನು ಹದಿನಾರರ ಹುಡುಗನಿಗೆ ಹಾಗೇ ಹಚ್ಚಲಾಗದು. ಆ ವಯಸ್ಸಿನವರಿಗಾಗಿ ಆರ್ಮ್ಸ್‌ಡೆನ್ ಮತ್ತು ಗ್ರೀನ್‌ಬರ್ಗ್ 1987ರಲ್ಲಿ ಮಾಡಿದ ಪ್ರಶ್ನಾವಳಿ ಮೂರು ಸಂಗತಿ ನೋಡುತ್ತದೆ: ನಂಬಿಕೆ, ಮಾತು, ದೂರವಾದ ಭಾವ. ಅಮ್ಮನ ಕೈತುತ್ತಿಲ್ಲದೆ ಉಣ್ಣುವುದಿಲ್ಲ, ಅಮ್ಮನ ಪಕ್ಕದಲ್ಲೇ ಮಲಗುತ್ತಾನೆ ಎಂಬುದೆಲ್ಲ ಆ ಲೆಕ್ಕಕ್ಕೆ ಬರುವುದಿಲ್ಲ. ಮನಸ್ಸು ಕೆಟ್ಟಾಗ ಹೇಳಿಕೊಳ್ಳಬಹುದಾ, ಹೇಳಿದರೆ ಕೇಳಿಸಿಕೊಳ್ಳುತ್ತಾರಾ ಎಂಬುದು ಬರುತ್ತದೆ. ಇಪ್ಪತ್ತನಾಲ್ಕು ಗಂಟೆ ಮನೆಯಲ್ಲೇ ಇದ್ದು, ಈ ಎರಡಕ್ಕೂ “ಇಲ್ಲ” ಎನ್ನುವ ಮಕ್ಕಳು ನನ್ನೆದುರು ಕೂತಿದ್ದಾರೆ.

ಒಂಟಿತನದಲ್ಲೂ ಬಗೆಗಳಿವೆ. ಬೆಲ್ಜಿಯಂನ ಲುವೆನ್‌ನಲ್ಲಿ ಮಾರ್ಕೂನ್ ಮತ್ತು ಗೂಸೆನ್ಸ್ ರೂಪಿಸಿದ ಮಾಪನ, ಅಪ್ಪ ಅಮ್ಮನ ನಡುವೆ ಅನುಭವಿಸುವ ಒಂಟಿತನವನ್ನು ಗೆಳೆಯರ ನಡುವಿನ ಒಂಟಿತನದಿಂದ ಬೇರೆಯಾಗಿಯೇ ಅಳೆಯುತ್ತದೆ. ಒಬ್ಬರೇ ಇರಲು ಇಷ್ಟಪಡುವುದಕ್ಕೂ ಅದರಲ್ಲಿ ಪ್ರತ್ಯೇಕ ಜಾಗವಿದೆ. (ಕೋಣೆ ಬಾಗಿಲು ಹಾಕಿಕೊಂಡ ಕೂಡಲೇ ನನಗೆ ಫೋನ್ ಮಾಡುವವರು ಇದನ್ನು ಗಮನಿಸಬೇಕು.)

ಒಂದು ನಂಟಿನ ಕೊರತೆಯನ್ನು ಇನ್ನೊಂದು ನಂಟು ತುಂಬುವುದಿಲ್ಲ. ಗಂಡನ ಕೆಲಸಕ್ಕಾಗಿ ಬಾಸ್ಟನ್‌ಗೆ ವಲಸೆ ಬಂದ ಹೆಂಗಸರನ್ನು ಸಮಾಜಶಾಸ್ತ್ರಜ್ಞ ರಾಬರ್ಟ್ ವೈಸ್ ಮಾತಾಡಿಸಿದಾಗ, ದಾಂಪತ್ಯ ಚೆನ್ನಾಗಿದ್ದವರೂ ಗೆಳತಿಯರಿಲ್ಲದೆ ಒಂಟಿಯಾಗಿದ್ದರು. ಹಾಗೆಯೇ, ಅಮ್ಮ ದಿನಕ್ಕೆ ಎಷ್ಟು ಸಲ ಫೋನ್ ಮಾಡಿದರೂ ಮೆಸ್ಸಿನಲ್ಲಿ ಪಕ್ಕಕ್ಕೆ ಕೂರುವ ಒಬ್ಬ ಗೆಳೆಯ ಬೇಕೇ ಬೇಕು. ಅಂಥವನು ಸಿಗುವ ತನಕ, ಹಚ್ಚಿಕೊಂಡ ಹುಡುಗನೂ ಕೊರಗುತ್ತಾನೆ. ಆದರೆ ಕೊರಗನ್ನು ಬಾಯಿಬಿಟ್ಟು ಹೇಳುತ್ತಾನೆ. ನನ್ನ ಚಿಂತೆ ಕಡಿಮೆ ಇರುವುದು ಅಷ್ಟಕ್ಕೇ.

ಎಲ್ಲಕ್ಕೂ ಅಪ್ಪ ಅಮ್ಮನೇ ಕಾರಣ ಎಂದೂ ನಾನು ಹೇಳುವುದಿಲ್ಲ. ಮನೆಯವರ ನಂಟಿಗೂ ಮಕ್ಕಳ ಒಂಟಿತನಕ್ಕೂ ಏನು ಸಂಬಂಧ ಎಂದು ನೋಡಿದ ಎಷ್ಟೋ ಅಧ್ಯಯನಗಳು ಒಂದೇ ಸಲ ಪ್ರಶ್ನಾವಳಿ ತುಂಬಿಸಿಕೊಂಡವು. ಮನೆಯವರು ದೂರವಾದದ್ದಕ್ಕೆ ಹುಡುಗಿ ಒಂಟಿಯಾದಳೋ, ಒಂಟಿತನ ಕಾಡಿದ್ದರಿಂದ ಮನೆಯವರೂ ದೂರ ಅನ್ನಿಸಿದರೋ, ಅವುಗಳಿಂದ ತಿಳಿಯುವುದಿಲ್ಲ.

ಇನ್ನು ಭಾನುವಾರದ ಫೋನು. “ಊಟ ಆಯ್ತಾ? ಟೆಸ್ಟಲ್ಲಿ ಎಷ್ಟು ಬಂತು? ಫೀಸು ಎಷ್ಟು ಕಟ್ಟಿದೀವಿ ಗೊತ್ತಲ್ಲ?” ಇಷ್ಟರಲ್ಲಿ ಹಾಸ್ಟೆಲ್ ಫೋನಿನ ಸಾಲಲ್ಲಿ ಹಿಂದೆ ನಿಂತವನ ಸರದಿ ಬಂದಿರುತ್ತದೆ. “ಇಲ್ಲಿ ಯಾರೂ ನನ್ನ ಜೊತೆ ಮಾತಾಡಲ್ಲಮ್ಮ” ಎಂದು ಮಗ ಅಂದರೆ “ಓದೋಕೆ ಹೋಗಿದೀಯೋ, ಮಾತಾಡೋಕೋ?” ಎನ್ನಬೇಡಿ. “ಯಾವಾಗ ಹಾಗನ್ಸತ್ತೆ ಮಗಾ?” ಎಂದು ಕೇಳಿ, ಸುಮ್ಮನಿರಿ. ಮಾರ್ಕ್ಸು ಮುಂದಿನ ವಾರಕ್ಕಿರಲಿ. ಊಟ, ನಿದ್ದೆ ಬಿಟ್ಟಿದ್ದರೆ, ಬದುಕೇ ಬೇಡ ಎಂಬಂಥ ಮಾತು ಬಂದರೆ ಕಾಯದೆ ಹೋಗಿ ನೋಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಸೀಟು ಖಾತ್ರಿ ಮಾಡುವ ಮುಂಚೆ ಹಾಸ್ಟೆಲ್‌ನವರನ್ನು ಒಂದು ಮಾತು ಕೇಳಿ: ಮಗ ಫೋನಲ್ಲಿ ಮಾತಾಡುವಾಗ ಪಕ್ಕದಲ್ಲಿ ವಾರ್ಡನ್ ನಿಂತಿರುತ್ತಾರಾ? ಹೌದು ಅಂದರೆ ಬೇರೆ ಹಾಸ್ಟೆಲ್ ನೋಡಿ ಅನ್ನುತ್ತೇನೆ ನಾನು.