ತಲೆ ಮೇಲೆ ಮಳೆ ಹೊತ್ತವರು

ನಮ್ಮ ಕಲಬುರಗಿ ಕಡೆ ಮಾರಿ ಅಂದ್ರೆ ಮುಖ. 'ಮಾರಿ ತೊಳ್ಕೊಂಡು ಬಾ' ಅಂತ ಆಯಿ ದಿನಾ ಬೆಳಿಗ್ಗೆ ಕೂಗುತ್ತಿದ್ದಳು. ಗುಡಿಯಲ್ಲಿರೋ ಮಾರಿ ಬೇರೆ, ಅವಳ ಹೆಸರು ತೆಗೆದರೆ ಸಾಕು, ಚಿಕ್ಕಂದಿನಲ್ಲಿ ನಾವು ಹೆದರುತ್ತಿದ್ದೆವು. ಆದರೆ ತಮಿಳಿನಲ್ಲಿ ಮಾರಿ ಅಂದ್ರೆ ಮಳೆ. ಇದು ನನಗೆ ಗೊತ್ತಾಗಿದ್ದು ಹೋದ ವರ್ಷ, ತಿರುಚ್ಚಿ ಹತ್ತಿರ ಗೆಳತಿಯ ಊರಿಗೆ ಹೋದಾಗ.

ಅದು ಆಡಿ ತಿಂಗಳು, ನಮ್ಮ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ. ಆ ಕಡೆ ದೊಡ್ಡ ಮಳೆ ಬರೋದು ಅಕ್ಟೋಬರ್ ನಂತರವೇ. ಅದಕ್ಕೂ ಮುಂಚೆ ಮಾರಿಯಮ್ಮನಿಗೆ ಬೇವಿನ ಸೊಪ್ಪು, ಅಂಬಲಿ, ಪೂಜೆ. ಹಿಂದೆ ಸಿಡುಬು ಬಂದರೂ ಅವಳೇ ಅನ್ನುತ್ತಿದ್ದರು, ಮಳೆ ಕೊಡುವವಳೂ ಅವಳೇ. ಮೈಯ ಉರಿ, ನೆಲದ ಉರಿ ಎರಡನ್ನೂ ಒಬ್ಬಳೇ ತಣಿಸಬೇಕು.

ರಾತ್ರಿ ಕರಗಾಟ್ಟಂ ಇತ್ತು, ತಲೆ ಮೇಲೆ ಕೊಡ ಹೊತ್ತು ಕುಣಿಯೋದು. ಬೆಂಗಳೂರು ಕರಗ ಅಂದುಕೊಳ್ಳಬೇಡಿ, ಅದು ದ್ರೌಪದಿಯದು, ಬೇರೆ. ಇಲ್ಲಿ ಎರಡು ಥರ ಇದೆ. ಹರಕೆ ಹೊತ್ತು, ನೀರು ತುಂಬಿದ ಕೊಡಕ್ಕೆ ಬೇವು ಕಟ್ಟಿ ಗುಡಿಗೆ ಒಯ್ಯೋದು ಶಕ್ತಿ ಕರಗ. ಜನ ನೋಡಲಿ ಅಂತ ಕುಣಿಯೋದು ಆಟ್ಟ ಕರಗ. ಅದರಲ್ಲಿ ಕೊಡಕ್ಕೆ ಹೂವಿನ ಅಲಂಕಾರ, ತುದಿಯಲ್ಲಿ ಒಂದು ಗಿಳಿ. ನಾದಸ್ವರ, ತವಿಲ್, ಪಂಬೈ ಅನ್ನೋ ಚರ್ಮವಾದ್ಯಗಳು ಸೇರಿದ ನೈಯಾಂಡಿ ಮೇಳ ಶುರುವಾದರೆ ಎದೆಯೇ ನಡುಗುತ್ತದೆ.

ಕುಣಿಯುವವಳು ಕೊಡಕ್ಕೆ ಕೈ ಮುಟ್ಟಿಸಲಿಲ್ಲ. ಕೊಡ ತಲೆ ಮೇಲಿತ್ತು, ಕಾಲು ತಾಳಕ್ಕೆ ಓಡುತ್ತಿತ್ತು, ಸೊಂಟ ತಿರುಗುತ್ತಿತ್ತು, ಏಣಿಯೂ ಹತ್ತಿದಳು, ಆದರೆ ಕತ್ತು ಮಾತ್ರ ಗೂಟ ಹೊಡೆದ ಹಾಗೆ ನೆಟ್ಟಗೆ. ನಾನು ಗಿಳಿ ನೋಡಲಿಲ್ಲ, ಕತ್ತು ನೋಡುತ್ತಾ ಕೂತೆ. ಯಾಕೆಂದರೆ ಆ ಕತ್ತು ನನಗೆ ಗೊತ್ತು. ಸೇಡಂ ಕಡೆಯ ನಮ್ಮ ಹಳ್ಳಿಯಲ್ಲಿ ಬೇಸಿಗೆಗೆ ಬೋರ್ ಬತ್ತಿದರೆ ಹೊಲದ ಬಾವಿಯಿಂದ ನೀರು. ಸೀರೆ ತುಂಡಿನ ಸಿಂಬಿ, ಅದರ ಮೇಲೆ ಕೊಡ, ಕೊಡದ ಮೇಲೆ ಇನ್ನೊಂದು ಕೊಡ. 'ಕೆಳಗ ನೋಡಬ್ಯಾಡ, ಕಾಲಿಗೆ ದಾರಿ ಗೊತ್ತದ' ಅನ್ನುತ್ತಿದ್ದಳು ಆಯಿ.

ಜನರ ಮಧ್ಯೆ ಇಬ್ಬರು ಗಂಡಸರು ಕುಣಿಯುವವಳ ಬಟ್ಟೆ ನೋಡಿ ಸಿಳ್ಳೆ ಹೊಡೆದರು, ಕೆಟ್ಟ ಮಾತು ಆಡಿದರು. ನನಗೆ ತಡೆಯಲಾರದ ಸಿಟ್ಟು ಬಂತು. ದೇವಿಯ ಮುಂದೆ ಕುಣಿಯುವವಳನ್ನು ಹಾಗೆ ನೋಡೋದಾ?

ನಮ್ಮಲ್ಲೂ ಮಳೆ ತಲೆ ಮೇಲೇ ಬರುತ್ತಿತ್ತು, ಅಲ್ವಾ? ಮಿರಗ, ಅಂದ್ರೆ ಮೃಗಶಿರ ಮಳೆ, ಕೈಕೊಟ್ಟ ವರ್ಷ ಮಳೆ ಕರೆಯೋಕೆ ಗುರ್ಜಿ ಆಡುತ್ತಿದ್ದೆವು. ರೊಟ್ಟಿ ಹಂಚಿನ ಮೇಲೆ ಮಣ್ಣಿನ ಗುರ್ಜಿ ಕೂರಿಸಿ ಒಬ್ಬ ಹುಡುಗ ಹೊರಬೇಕು, ಮನೆಮನೆಯವರೂ ಅದರ ಮೇಲೆ ಕೊಡ ನೀರು ಸುರಿಯಬೇಕು, ಅವನು ಗಿರಗಿರ ತಿರುಗಬೇಕು. ಕುಡಿಯೋಕೇ ನೀರಿಲ್ಲದ ದಿನದಲ್ಲೂ ಆಯಿ ಕೊಡ ಪೂರ್ತಿ ಸುರಿಯುತ್ತಿದ್ದಳು, ಅರ್ಧ ಉಳಿಸಿಕೊಳ್ಳುತ್ತಿರಲಿಲ್ಲ. ಆಮೇಲೆ ಜೋಳದ ಹಿಟ್ಟು ಹಾಕಿ ಕಳಿಸುತ್ತಿದ್ದಳು.

ಕುಣಿತ ಮುಗಿದ ಮೇಲೆ ಗೆಳತಿ ನನ್ನನ್ನು ಆ ಕುಣಿದವಳ ಹತ್ತಿರ ಕರೆದುಕೊಂಡು ಹೋದಳು. ಕೊಡ ಎತ್ತಿ ನೋಡಲಾ ಅಂತ ಕೇಳಿದೆ. ಸುಮ್ನೆ ಹಗುರ ಇರಬಹುದು ಅಂದುಕೊಂಡಿದ್ದೆ, ಒಳಗೆ ಭಾರಕ್ಕೆ ಅಕ್ಕಿ ತುಂಬಿದ್ದರು. ಎರಡೂ ಕೈ ಹಾಕಬೇಕಾಯಿತು. ಅವಳು ನಗುತ್ತಾ ಟವೆಲ್ ಸುತ್ತಿ ಸಿಂಬಿ ಮಾಡಿ ನನ್ನ ತಲೆ ಮೇಲಿಟ್ಟಳು.