ಹನ್ನೊಂದನೇ ನಂಬರಿನ ರೇಟು

"ಗೋಲ್ ಎಷ್ಟು ಹೊಡೆದಿದಾನೆ?"

"ಈ ಟೂರ್ನಮೆಂಟಲ್ಲಿ ಮೂರು ಸಾರ್."

"ವಿಂಗರ್‌ಗೆ ಮೂರೇನಾ? ಬೇಡ ಬಿಡಿ. ಸದ್ಯಕ್ಕೆ ಇವನಿಗೆ ರೇಟ್ ಇಲ್ಲ."

ಭಾನುವಾರ ತೀರ್ಥಹಳ್ಳಿಯಲ್ಲಿ ಫುಟ್‌ಬಾಲ್ ಮ್ಯಾಚ್ ಮುಗಿದ ಮೇಲೆ ನಡೆದ ಮಾತು ಇಷ್ಟೇ. ಕೇಳಿದವರು ಬೆಂಗಳೂರಿನ ಒಂದು ಅಕಾಡೆಮಿಯಿಂದ ಹುಡುಗರನ್ನು ನೋಡಲು ಬಂದಿದ್ದವರು. ಉತ್ತರ ಕೊಟ್ಟವರು ನಮ್ಮ ತಂಡದ ಸೆಕ್ರೆಟರಿ. ವಾರ ಮುಗಿಯುತ್ತಾ ಬಂತು, ಈ ಮಾತು ನನ್ನ ತಲೆಯಿಂದ ಇಳಿಯುತ್ತಿಲ್ಲ. ಕೆಲಸಕ್ಕೆಂದು ಶಿವಮೊಗ್ಗದ ಬಸ್ ಹತ್ತಿದರೆ ಮಂಡಗದ್ದೆ ದಾಟುವಷ್ಟರಲ್ಲಿ ಮತ್ತೆ ಅದೇ. ಮೂರೇನಾ? ರೇಟ್ ಇಲ್ಲ.

ಇಬ್ಬರೇ ಮಾತಾಡಿಕೊಂಡಿದ್ದರೆ ನಾನೂ ಮರೆಯುತ್ತಿದ್ದೆನೇನೋ. ಆದರೆ ಆ ಹುಡುಗ ಅಲ್ಲೇ ಇದ್ದ. ನಮ್ಮ ಹನ್ನೊಂದನೇ ನಂಬರ್, ಎಡ ವಿಂಗರ್, ಅಂದರೆ ಎಡಬದಿಯ ಗೆರೆಯ ಪಕ್ಕ ಓಡಿ ದಾಳಿ ಮಾಡುವವನು. ನಾಲ್ಕು ಹೆಜ್ಜೆ ದೂರದಲ್ಲಿ, ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚಿಕೊಂಡಿದ್ದ. ಸ್ಟಡ್‌ಗಳ ಮಧ್ಯೆ ಸಿಕ್ಕಿಕೊಂಡ ಕೆಸರನ್ನು ಒಂದು ಕಡ್ಡಿಯಿಂದ ಕೆದಕುತ್ತಿದ್ದ. "ರೇಟ್ ಇಲ್ಲ" ಅಂದಾಗ ಕಡ್ಡಿ ನಿಂತಿತು. ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಮತ್ತೆ ಕೆದಕತೊಡಗಿದ. ತಲೆ ಮಾತ್ರ ಎತ್ತಲಿಲ್ಲ. ಇನ್ನೂ ಪಿಯುಸಿ ಓದುತ್ತಿರುವ ಹುಡುಗ ಅವನು.

ಬಂದವರ ಮೇಲೆ ನನಗೆ ದ್ವೇಷ ಇಲ್ಲ. ಈ ಮಳೆಯಲ್ಲಿ ಅಷ್ಟು ದೂರದಿಂದ ಬಂದರು, ಅದು ಸಣ್ಣ ಮಾತಲ್ಲ. ಫುಟ್‌ಬಾಲ್ ಹುಡುಗರನ್ನು ಹುಡುಕಿಕೊಂಡು ಮಲೆನಾಡಿಗೆ ಎಷ್ಟು ಜನ ಬರುತ್ತಾರೆ ಹೇಳಿ? ಆದರೆ ಅವರು ಮೈದಾನಕ್ಕೆ ಕಾಲಿಟ್ಟಿದ್ದು ಹಾಫ್ ಟೈಮ್ ಆದ ಮೇಲೆ. ನನ್ನ ಸಂಕಟ ಇರುವುದು ಅಲ್ಲಿ.

ನಮ್ಮ ಮೈದಾನ ಕಂಡವರಿಗೆ ಇದು ಕೂಡಲೇ ಅರ್ಥ ಆಗುತ್ತದೆ. ಗುಡ್ಡದ ಕಡೆಯಿಂದ ಬರುವ ನೀರೆಲ್ಲ ಒಂದೇ ಬದಿಗೆ ಇಳಿಯುತ್ತದೆ. ಮಳೆಗಾಲದಲ್ಲಿ ಆ ಬದಿಯ ಗೆರೆಗೆ ಸುಣ್ಣ ಹಾಕಿದರೆ ಮ್ಯಾಚ್ ಶುರುವಾಗುವ ಮೊದಲೇ ತೊಳೆದು ಹೋಗಿರುತ್ತದೆ. ಎಡ ವಿಂಗರ್ ಮೊದಲರ್ಧ ಗಟ್ಟಿ ನೆಲದ ಬದಿಯಲ್ಲಿ ಆಡಿದ್ದರೆ, ಎರಡನೇ ಅರ್ಧಕ್ಕೆ ಕೆಸರಿನ ಬದಿಗೆ ಬರಲೇಬೇಕು. ಅಲ್ಲಿ ಚೆಂಡನ್ನು ಮುಂದೆ ತಳ್ಳಿ ಓಡಿದರೆ ಚೆಂಡು ಕೆಸರಲ್ಲೇ ಕೂರುತ್ತದೆ, ಆಟಗಾರ ಅದನ್ನು ದಾಟಿ ಹೋಗಿಬಿಡುತ್ತಾನೆ. ವೇಗವೇ ಬಂಡವಾಳ ಆಗಿರುವವನಿಗೆ ಅದಕ್ಕಿಂತ ಕೆಟ್ಟ ಜಾಗ ಇಲ್ಲ. ಬಂದವರು ನೋಡಿದ್ದು ಬರೀ ಆ ಅರ್ಧವನ್ನು.

ಮೊದಲರ್ಧದಲ್ಲಿ ಏನಾಯಿತು ಅಂತ ಹೇಳುತ್ತೇನೆ. ಹುಡುಗನದು ಎಡಗಾಲು. ಅವನ ಆಟದಲ್ಲಿ ನನಗೆ ತುಂಬಾ ಇಷ್ಟವಾಗುವುದು ಅವನು ನಿಲ್ಲುವ ರೀತಿ. ಚೆಂಡು ಬಂದ ಕೂಡಲೇ ಓಡುವುದಿಲ್ಲ. ಕಾಲಿನಡಿ ಹಿಡಿದು ಸುಮ್ನೆ ನಿಲ್ಲುತ್ತಾನೆ. ಎದುರಿಗೆ ತಡೆಯಲು ನಿಂತಿರುವ ಬ್ಯಾಕ್ ಎಷ್ಟು ಹೊತ್ತು ತಾನೇ ಸುಮ್ಮನಿದ್ದಾನು? ಒಂದು ಕಾಲು ಊರುತ್ತಾನೆ. ಯಾವ ಕಾಲಿನ ಮೇಲೆ ಅವನ ಭಾರ ಬಿತ್ತೋ, ಅದೇ ಕಾಲಿನ ಪಕ್ಕದಿಂದ ಚೆಂಡು ನುಗ್ಗುತ್ತದೆ. ಊರಿದ ಕಾಲನ್ನು ಮತ್ತೆ ಎತ್ತುವಷ್ಟರಲ್ಲಿ ನಮ್ಮ ಹನ್ನೊಂದು ಹಿಂದೆ ದಾಟಿರುತ್ತಾನೆ. ಇದನ್ನು ಯಾರೂ ಅವನಿಗೆ ಹೇಳಿಕೊಟ್ಟಿಲ್ಲ.

ಎದುರಾಳಿ ಭದ್ರಾವತಿ ತಂಡದ ರೈಟ್ ಬ್ಯಾಕ್ ಒಳ್ಳೆಯ ಆಟಗಾರ. ಎತ್ತರದ ಆಳು, ಸುಲಭಕ್ಕೆ ಬಗ್ಗುವವನಲ್ಲ. ಅಂಥವನನ್ನು ನಮ್ಮವನು ಹೀಗೆ ಮತ್ತೆ ಮತ್ತೆ ದಾಟಿದ. ಆಗ ಆ ಬ್ಯಾಕ್ ಹಿಂದೆ ತಿರುಗಿ ತನ್ನ ಮಿಡ್‌ಫೀಲ್ಡರ್‌ಗೆ ಕೂಗಿದ: "ಲೇ, ಬಾರೋ ಇಲ್ಲಿ! ನನ್ನ ಬಿಟ್ಟು ಹೋಗ್ಬೇಡ!"

ಈ ವಾರವೆಲ್ಲ ನಾನು ಮನಸ್ಸಲ್ಲಿ ಮತ್ತೆ ಮತ್ತೆ ನೋಡುತ್ತಿರುವುದು ಇದನ್ನೇ. ಒಂದು ಕೈ ಮೇಲೆತ್ತಿ, ಕುತ್ತಿಗೆ ಹಿಂದಕ್ಕೆ ತಿರುಗಿಸಿ, ಸಹಾಯಕ್ಕೆ ಕೂಗುತ್ತಿರುವ ಬ್ಯಾಕ್. ವಿಂಗರ್‌ನ ಫಾರ್ಮ್ ಹೇಗಿದೆ ಅಂತ ತಿಳಿಯಲು ಇದಕ್ಕಿಂತ ಒಳ್ಳೆ ದಾಖಲೆ ಬೇಕಾ? ಆಮೇಲೆ ಇಬ್ಬರು ಹನ್ನೊಂದಕ್ಕೆ ಅಂಟಿಕೊಂಡರು. ಹಾಗಾಗಿ ನಮ್ಮ ಬಲಗಡೆ ಖಾಲಿಯಾಯಿತು. ಆ ಖಾಲಿ ಜಾಗದಿಂದಲೇ ನಮ್ಮ ಗೋಲ್ ಬಂತು. ಹೊಡೆದದ್ದು ಏಳನೇ ನಂಬರ್. ಮೈಕಿನವನು ಏಳನೇ ನಂಬರಿನ ಹೆಸರನ್ನು ಗಂಟಲು ಹರಿಯುವಂತೆ ಕೂಗಿದ. ಹನ್ನೊಂದರ ಲೆಕ್ಕಕ್ಕೆ ಗೋಲೂ ಇಲ್ಲ, ಗೋಲಿಗೆ ಪಾಸ್ ಕೊಟ್ಟ ಅಸಿಸ್ಟೂ ಇಲ್ಲ.

ಸೆಕ್ರೆಟರಿ ಇದನ್ನೆಲ್ಲ ಗೆರೆಯ ಪಕ್ಕದಲ್ಲೇ ನಿಂತು ನೋಡಿದ್ದರು. ಹೇಳಬಹುದಿತ್ತು. ತಂಡಕ್ಕೆ ಜೆರ್ಸಿ ಹೊಲಿಸಲು ಸ್ವಂತ ದುಡ್ಡು ಹಾಕುವ ಮನುಷ್ಯ ಅವರು, ಅವರ ಬಗ್ಗೆ ನನಗೆ ಗೌರವ ಇದೆ. ಆದರೆ ಬೆಂಗಳೂರಿನವರು ಎದುರಿಗೆ ಬಂದರೆ ಅವರ ಬಾಯಿಂದ "ಹೌದು ಸಾರ್" ಬಿಟ್ಟು ಬೇರೆ ಮಾತು ಬರುವುದಿಲ್ಲ. ಇದು ಅವರೊಬ್ಬರ ಗುಣ ಅಲ್ಲ, ನಮ್ಮ ಕಡೆಯ ಬಹಳ ಜನರ ಗುಣ. ನಮ್ಮ ಹುಡುಗರ ಬಗ್ಗೆ ಎರಡು ಒಳ್ಳೆ ಮಾತು ಹೇಳಲು ನಮಗೇ ಸಂಕೋಚ.

ಮಾರನೇ ದಿನ ಹೋಟೆಲಲ್ಲಿ ಒಬ್ಬ ಹಿರಿಯರು ಸಿಕ್ಕರು. ಅಡಿಕೆ ತೋಟ ಚೇಣಿ ಹಿಡಿಯುವುದು ಅವರ ಕಸುಬು. ಕೊಯ್ಲಿಗೆ ಎಷ್ಟೋ ತಿಂಗಳ ಮೊದಲೇ ತೋಟ ನೋಡಿ, ಫಸಲಿಗೆ ಇಷ್ಟು ಅಂತ ಬೆಲೆ ಕಟ್ಟುವವರು. ಅವರೂ ಮ್ಯಾಚ್ ನೋಡಿದ್ದರು. ನಾನು ಕತೆ ಹೇಳಿದೆ. ಕಾಫಿ ಲೋಟ ಕೆಳಗಿಟ್ಟು ಹೇಳಿದರು: "ನಾನು ರಸ್ತೆ ಬದಿಯ ಮರ ನೋಡಿ ರೇಟ್ ಹೇಳಿದ್ರೆ ಮನೆ ಮಾರ್ಕೊಳ್ಬೇಕಾಗುತ್ತೆ. ಒಳಗೆ ಹೋಗ್ತೀನಿ. ನೀರು ಬಸಿದು ಹೋಗುತ್ತಾ ನೋಡ್ತೀನಿ. ಹೋದ ವರ್ಷ ಕೊಳೆ ರೋಗ ಬಂದಿತ್ತಾ, ಔಷಧಿ ಎಷ್ಟು ಸಲ ಹೊಡೆದ್ರಿ ಅಂತ ಕೇಳ್ತೀನಿ. ಆಮೇಲೆ ಮಾತು." ಎದ್ದು ಹೋಗುವಾಗ ಇನ್ನೊಂದು ಮಾತು ಸೇರಿಸಿದರು. "ರೇಟ್ ಕಮ್ಮಿ ಹೇಳೋದು ವ್ಯಾಪಾರ. ಆದ್ರೆ ನಾನು ಮರದ ಹತ್ರ ಹೇಳಲ್ಲ, ಯಜಮಾನರ ಹತ್ರ ಹೇಳ್ತೀನಿ."

ಈ ಕೊನೆಯ ಮಾತು ನನ್ನನ್ನು ತುಂಬಾ ದೂರ ಕರೆದುಕೊಂಡು ಹೋಯಿತು.

ದೊಡ್ಡ ಕ್ಲಬ್‌ಗಳಲ್ಲೂ ಆಗುವುದು ಇದೇ ಅಲ್ವಾ? ರೇಟು ಕಟ್ಟುವವರು ಯಾರೋ, ಅದನ್ನು ಕೇಳಿಸಿಕೊಂಡು ಹೊರುವವನು ಆಟಗಾರ. ಅವರ ಹತ್ತಿರ ಎಲ್ಲ ಲೆಕ್ಕವೂ ಇದೆ. ಎಷ್ಟು ಡ್ರಿಬಲ್, ಎಷ್ಟು ದಾಟಿತು, ಎಕ್ಸ್‌ಪೆಕ್ಟೆಡ್ ಗೋಲ್ ಎಷ್ಟು (ಸಿಕ್ಕ ಅವಕಾಶಗಳಿಗೆ ಎಷ್ಟು ಗೋಲ್ ಆಗಬೇಕಿತ್ತು ಅನ್ನುವ ಲೆಕ್ಕ), ಎಲ್ಲವೂ. ಆದರೂ ರೇಟು ಅನ್ನುವುದು ಆಟಗಾರನೊಬ್ಬನ ಆಟದಿಂದ ಹುಟ್ಟುವುದಿಲ್ಲ. ಕಾಂಟ್ರಾಕ್ಟ್ ಎಷ್ಟು ವರ್ಷ ಉಳಿದಿದೆ, ಕೊಳ್ಳುವವರಿಗೆ ಎಷ್ಟು ಅವಸರ, ಮಾರುವವರಿಗೆ ದುಡ್ಡು ಎಷ್ಟು ಬೇಕು, ಇದೆಲ್ಲ ಸೇರುತ್ತದೆ. ಬಾಸ್ಮನ್ ಅನ್ನುವ ಆಟಗಾರನ ಕೇಸಿನಲ್ಲಿ 1995ರಲ್ಲಿ ಯುರೋಪಿನ ಕೋರ್ಟಿನ ತೀರ್ಪು ಬಂದ ಮೇಲೆ ಯುರೋಪಿನಲ್ಲಿ ಕಾಂಟ್ರಾಕ್ಟ್ ಮುಗಿದ ಆಟಗಾರ, ಹಳೆಯ ಕ್ಲಬ್‌ಗೆ ಫೀ ಇಲ್ಲದೆ ಬೇರೆ ಕ್ಲಬ್‌ಗೆ ಹೋಗಬಹುದು. ಹಾಗಾಗಿ ಅದೇ ಕಾಲು, ಅದೇ ವೇಗ, ಆದರೆ ಕೊನೆಯ ವರ್ಷದಲ್ಲಿ ರೇಟು ಇಳಿಯುತ್ತದೆ. ಅದು ಆಟಗಾರ ಕೆಟ್ಟಿದ್ದಕ್ಕಲ್ಲ.

ಬ್ರೆಜಿಲಿನ ವಿಂಗರ್ ಆಂಟನಿಯನ್ನು ನೋಡಿ. ಮ್ಯಾಂಚೆಸ್ಟರ್ ಯುನೈಟೆಡ್ 2022ರಲ್ಲಿ, ಟ್ರಾನ್ಸ್‌ಫರ್ ಬಾಗಿಲು ಮುಚ್ಚುವ ಹೊತ್ತಿಗೆ, 9.5 ಕೋಟಿ ಯೂರೋ ಕೊಟ್ಟು ಅವನನ್ನು ನೆದರ್ಲೆಂಡ್ಸಿನ ಅಯಾಕ್ಸ್‌ ಕ್ಲಬ್ಬಿನಿಂದ ತಂದಿತು. ಮೊದಲ ಮೂರು ಲೀಗ್ ಪಂದ್ಯಗಳಲ್ಲೂ ಗೋಲ್ ಹೊಡೆದ. ಆಮೇಲೆ ಆಟ ಕುಗ್ಗಿತು. ಆಗ ಎಲ್ಲರ ಬಾಯಲ್ಲೂ ಆ ರೇಟೇ. ಒಂದು ಪಾಸ್ ತಪ್ಪಿದರೂ 9.5 ಕೋಟಿ. ರೇಟು ಕಟ್ಟಿದವನು ಅವನಲ್ಲ, ಹೊತ್ತವನು ಮಾತ್ರ ಅವನು. 2025ರ ಜನವರಿಯಲ್ಲಿ ಲೋನ್ ಮೇಲೆ, ಅಂದರೆ ಸ್ವಲ್ಪ ಕಾಲಕ್ಕೆ ಎರವಲಾಗಿ, ಸ್ಪೇನಿನ ರಿಯಲ್ ಬೆಟಿಸ್‌ಗೆ ಹೋದ. ಅಲ್ಲಿ ಮತ್ತೆ ನಗುನಗುತ್ತಾ ಆಡಿದ, ಯುರೋಪಿನ ಕಾನ್ಫರೆನ್ಸ್ ಲೀಗ್ ಫೈನಲ್ ತನಕ ತಂಡದ ಜೊತೆ ಹೋದ. ಅದೇ ವರ್ಷ ಬೆಟಿಸ್ ಅವನನ್ನು ಹಳೆಯ ರೇಟಿನ ಕಾಲು ಭಾಗದಷ್ಟಕ್ಕೆ ಕೊಂಡಿತು. ಯಾವ ರೇಟು ನಿಜ?

ಫ್ರಾನ್ಸಿನ ವಿಂಗರ್ ಡೆಂಬೆಲೆಯದು ಇನ್ನೂ ದೊಡ್ಡ ಕತೆ. 2017ರಲ್ಲಿ ಬಾರ್ಸಿಲೋನಾ 10.5 ಕೋಟಿ ಯೂರೋ ಕೊಟ್ಟಿತು, ಮೇಲೆ ಬೋನಸ್ ಬೇರೆ. ಬಂದ ಹೊಸದರಲ್ಲೇ ತೊಡೆಯ ಸ್ನಾಯುರಜ್ಜು ಹರಿದುಕೊಂಡ. ವರ್ಷಗಟ್ಟಲೆ ಗಾಯ. 2023ರಲ್ಲಿ ಪ್ಯಾರಿಸ್ ಸೇಂಟ್ ಜರ್ಮೈನ್‌ಗೆ ಹೋದಾಗ ರೇಟು 5 ಕೋಟಿ ಯೂರೋ ಆಸುಪಾಸು, ಅಂದರೆ ಅರ್ಧಕ್ಕೂ ಕಮ್ಮಿ. ಅಲ್ಲಿ ಕೋಚ್ ಲೂಯಿಸ್ ಎನ್ರಿಕೆ ಅವನನ್ನು ಗೆರೆಯ ಬದಿಯಿಂದ ಬಿಡಿಸಿ ಮಧ್ಯಕ್ಕೆ ತಂದರು. 2025ರಲ್ಲಿ ಆ ಕ್ಲಬ್ ಮೊದಲ ಸಲ ಚಾಂಪಿಯನ್ಸ್ ಲೀಗ್ ಗೆದ್ದಿತು, ಇಂಟರ್ ಮೇಲೆ 5-0. ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಬಾಲನ್ ಡಿ'ಓರ್ ಡೆಂಬೆಲೆಗೆ ಬಂತು. ಅವನಿಗೆ ಬೇಕಾಗಿದ್ದದ್ದು ಗಟ್ಟಿ ಮೈ ಮತ್ತು ಮೈದಾನದಲ್ಲಿ ಬೇರೆ ಒಂದು ಜಾಗ.

ರೇಟು ಕಮ್ಮಿ ಅನ್ನಿಸಿಕೊಂಡವರೂ ಇದ್ದಾರೆ. ಅಲ್ಜೀರಿಯಾದ ವಿಂಗರ್ ರಿಯಾದ್ ಮಹ್ರೆಜ್ 2014ರ ಜನವರಿಯಲ್ಲಿ ಫ್ರಾನ್ಸಿನ ಎರಡನೇ ದರ್ಜೆಯ ಲೆ ಹಾವ್ರ್‌ನಿಂದ ಲೆಸ್ಟರ್‌ಗೆ ಬಂದಾಗ ಕೊಟ್ಟದ್ದು 5 ಲಕ್ಷ ಪೌಂಡಿಗಿಂತ ಕಮ್ಮಿ. ಸಣಕಲು ಆಳು. 2016ರಲ್ಲಿ ಲೆಸ್ಟರ್ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಗೆದ್ದಿತು, ಆಟಗಾರರ ಸಂಘದ ವರ್ಷದ ಆಟಗಾರ ಪ್ರಶಸ್ತಿ ಅವನಿಗೇ ಸಿಕ್ಕಿತು. 2018ರಲ್ಲಿ ಮ್ಯಾಂಚೆಸ್ಟರ್ ಸಿಟಿ ಸುಮಾರು 6 ಕೋಟಿ ಪೌಂಡ್ ಕೊಟ್ಟಿತು. ಲೆ ಹಾವ್ರ್‌ನಲ್ಲಿ ಇದ್ದಾಗಲೂ ಆ ಎಡಗಾಲು ಅವನ ಹತ್ತಿರವೇ ಇತ್ತಲ್ಲ?

ವಿಂಗರ್‌ಗಳಿಗೇ ಇದು ಜಾಸ್ತಿ ಅನ್ನಿಸುತ್ತದೆ ನನಗೆ. ಸ್ಟ್ರೈಕರ್‌ನನ್ನು ಗೋಲಿನಿಂದ ಅಳೆಯುತ್ತಾರೆ, ಅದರಲ್ಲಿ ಸ್ವಲ್ಪವಾದರೂ ನ್ಯಾಯ ಇದೆ. ವಿಂಗರ್‌ನ ಕೆಲಸ ಅರ್ಧ ಬೇರೆಯವರ ಕಾಲಲ್ಲಿ ಇರುತ್ತದೆ. ಮಿಡ್‌ಫೀಲ್ಡರ್ ಒಂದು ಸೆಕೆಂಡ್ ತಡವಾಗಿ ಚೆಂಡು ಕೊಟ್ಟರೆ ಬ್ಯಾಕ್ ಸಿದ್ಧವಾಗಿ ನಿಂತಿರುತ್ತಾನೆ. ಬದಿಯಿಂದ ಗೋಲಿನ ಮುಂದಕ್ಕೆ ಒಳ್ಳೆ ಕ್ರಾಸ್ ಹಾಕಿದರೂ ಅಲ್ಲಿ ಬಾಕ್ಸಿನಲ್ಲಿ ಯಾರೂ ಇಲ್ಲದಿದ್ದರೆ ಅದು ಕೆಟ್ಟ ಕ್ರಾಸ್ ಅನ್ನಿಸಿಕೊಳ್ಳುತ್ತದೆ. ಬೆಂಗಳೂರು ಎಫ್‌ಸಿಗೆ ವಿಂಗರ್ ಉದಾಂತ ಸಿಂಗ್ ವರ್ಷಗಟ್ಟಲೆ ಆಡಿದರು. ಕಂಠೀರವದಲ್ಲಿ ಕೂತಾಗ ನನ್ನ ಸುತ್ತ ಇದ್ದವರು ಅವರ ಓಟಕ್ಕೆ ಎದ್ದು ನಿಲ್ಲುತ್ತಿದ್ದರು, ಮರುಕ್ಷಣ ಕೊನೆಯ ಪಾಸಿಗೆ ಬೈಯುತ್ತಿದ್ದರು. ಆ ಓಟಕ್ಕೆ ಹೆದರಿ ಎದುರಾಳಿ ಸಾಲು ಪೂರ್ತಿ ಹಿಂದೆ ಸರಿಯುತ್ತಿತ್ತು. ಮಧ್ಯದಲ್ಲಿ ಬೇರೆಯವರಿಗೆ ಉಸಿರಾಡಲು ಜಾಗ ಸಿಗುತ್ತಿತ್ತು. ಅದನ್ನು ಯಾರು ಲೆಕ್ಕ ಇಟ್ಟರು?

ನಮ್ಮ ಹುಡುಗ ಬುಧವಾರ ಪ್ರಾಕ್ಟೀಸಿಗೆ ಬಂದ. ನಾನು ನೋಡುತ್ತಾ ನಿಂತೆ. ಚೆಂಡು ಸಿಕ್ಕ ಕೂಡಲೇ ಗೋಲಿಗೆ ಹೊಡೆಯುತ್ತಿದ್ದ. ಎಲ್ಲಿಂದ ಬೇಕಾದರೂ. ನಿಲ್ಲುವುದಿಲ್ಲ, ಕಾಯುವುದಿಲ್ಲ, ಬ್ಯಾಕ್ ಕಾಲು ಊರುವುದನ್ನು ನೋಡುವುದಿಲ್ಲ. ಅವನ ಆಟದ ಒಳ್ಳೆಯ ಭಾಗವನ್ನು ಅವನೇ ಬಿಸಾಡುತ್ತಿದ್ದ. ಮೂರೇನಾ ಅನ್ನುವ ಮಾತು ಮಾಡಿದ ಕೆಲಸ ಅದು. ನನಗೆ ಹೊಟ್ಟೆ ಉರಿಯಿತು. ಕರೆದು ಕೂರಿಸಿದೆ. ಭದ್ರಾವತಿಯ ಬ್ಯಾಕ್ ಕೂಗಿದ್ದು ಕೇಳಿಸಿತ್ತಾ ಅಂತ ಕೇಳಿದೆ.

"ಕೇಳಿಸ್ತು."

"ಯಾಕೆ ಕೂಗಿದ?"

ಹುಡುಗ ಸ್ವಲ್ಪ ಯೋಚಿಸಿದ. "ನನ್ನಿಂದ."

"ಅದನ್ನ ಮಾಡು. ಗೋಲ್ ತಾನಾಗೇ ಬರುತ್ತೆ."

ಅವನು ಒಪ್ಪಿದನೋ ಇಲ್ಲವೋ ಗೊತ್ತಾಗಲಿಲ್ಲ. ಈ ವಯಸ್ಸಿನ ಹುಡುಗರ ಮುಖ ನೋಡಿ ಏನೂ ತಿಳಿಯುವುದಿಲ್ಲ.

ಇನ್ನೊಂದು ವಿಷಯವನ್ನೂ ಈ ವಾರ ಸೆಕ್ರೆಟರಿ ಜೊತೆ ಬಿಸಿಬಿಸಿಯಾಗಿಯೇ ಮಾತಾಡಿದೆ. ನಮ್ಮ ಹುಡುಗರ ಹೆಸರು ಎಲ್ಲೂ ದಾಖಲೆಯಲ್ಲಿ ಇಲ್ಲ. ಫಿಫಾದಲ್ಲಿ ಸಾಲಿಡಾರಿಟಿ ಅಂತ ಒಂದು ನಿಯಮ ಇದೆ. ಒಬ್ಬ ವೃತ್ತಿಪರ ಆಟಗಾರ ಕಾಂಟ್ರಾಕ್ಟ್ ಇರುವಾಗಲೇ ಒಂದು ದೇಶದ ಕ್ಲಬ್‌ನಿಂದ ಇನ್ನೊಂದು ದೇಶದ ಕ್ಲಬ್‌ಗೆ ದುಡ್ಡಿಗೆ ಹೋದರೆ, ಆ ಫೀಯ ಶೇ. 5 ಭಾಗವನ್ನು ಅವನನ್ನು 12ರಿಂದ 23ನೇ ವಯಸ್ಸಿನವರೆಗೆ ಬೆಳೆಸಿದ ಕ್ಲಬ್‌ಗಳಿಗೆ ಹಂಚಬೇಕು. 12ರಿಂದ 15ರ ಒಂದೊಂದು ವರ್ಷಕ್ಕೆ ಒಟ್ಟು ಫೀಯ ಶೇ. 0.25, 16ರಿಂದ ಮುಂದಿನ ಒಂದೊಂದು ವರ್ಷಕ್ಕೆ ಶೇ. 0.5. ಒಂದು ಕೋಟಿಗೆ ಹೋದರೆ 16ರ ಮೇಲಿನ ಒಂದು ವರ್ಷಕ್ಕೆ 50 ಸಾವಿರ ರೂಪಾಯಿ. ನಮ್ಮಲ್ಲಿ ಹೊರದೇಶಕ್ಕೆ ಹೋಗುವವರು ಬೆರಳೆಣಿಕೆಯಷ್ಟು, ನಿಜ. ಆದರೆ ಹುಡುಗ ಎಲ್ಲಿ ಆಡಿ ಬೆಳೆದ ಅನ್ನುವುದು ಕಾಗದದಲ್ಲಿ ಇಲ್ಲದಿದ್ದರೆ, ನಾಳೆ ಯಾರೋ ಇವನನ್ನು ಬೆಳೆಸಿದ್ದು ನಾವೇ ಅನ್ನುತ್ತಾರೆ.

ಸೆಕ್ರೆಟರಿ ಮೊದಲು "ಅದೆಲ್ಲ ನಮಗ್ಯಾಕೆ" ಅಂದರು. ನಾನು ಬಿಡಲಿಲ್ಲ. ಕೊನೆಗೆ ಹುಡುಗರ ನೋಂದಣಿ ಮಾಡಿಸಲು ಒಪ್ಪಿದರು. ಅದರ ಶುಲ್ಕದಲ್ಲಿ ಅರ್ಧ ಅವರದು, ಅರ್ಧ ನನ್ನದು. ಭಾರತೀಯ ಫುಟ್‌ಬಾಲ್ ಫೆಡರೇಷನ್ನಿನ ನೋಂದಣಿ ಆನ್‌ಲೈನ್‌ನಲ್ಲಿ ಆಗುತ್ತದೆ. ಅದಕ್ಕೆ ಮೊದಲು ಕ್ಲಬ್ಬಿನ ಕಾಗದ ಸರಿ ಮಾಡಿಸಬೇಕು, ಆಮೇಲೆ ಆಟಗಾರರದ್ದು. ಎಲ್ಲ ಹುಡುಗರಿಗೂ ಸೋಮವಾರ ಫೋಟೋ ಮತ್ತು ಜನನ ಪ್ರಮಾಣಪತ್ರದ ಜೆರಾಕ್ಸ್ ತರಲು ಹೇಳಿದ್ದೇನೆ. ಹನ್ನೊಂದನೇ ನಂಬರಿನ ಮನೆಯಲ್ಲಿ ಪ್ರಮಾಣಪತ್ರ ಮಳೆನೀರಿಗೆ ಹಾಳಾಗಿದೆಯಂತೆ. ಅವನ ಅಪ್ಪನ ಜೊತೆ ತಾಲೂಕು ಕಚೇರಿಗೆ ನಾನೇ ಹೋಗುತ್ತಿದ್ದೇನೆ.